‘ಉಳಿಸಬೇಕೆ?’ ಎಂಬ ಪ್ರಶ್ನೆಯ ಚರಿತ್ರೆ

ಕಂಪ್ಯೂಟರಿನಲ್ಲಿ ಬರೆಯುವವರಿಗೆಲ್ಲ ಪರಿಚಿತವಾದ ಒಂದು ಪ್ರಶ್ನೆಯಿದೆ. ವಿಂಡೊ ಮುಚ್ಚಲು ಹೋದರೆ ಪುಟ್ಟ ಪೆಟ್ಟಿಗೆಯೊಂದು ಎದುರಾಗಿ, ಬದಲಾವಣೆಗಳನ್ನು ಉಳಿಸಬೇಕೆ ಬೇಡವೇ ಎಂದು ಕೇಳುತ್ತದೆ. ಪೆನ್ನಿನಿಂದ ಬರೆದದ್ದು ಬರೆದ ಕ್ಷಣದಲ್ಲೇ ಉಳಿದಿರುತ್ತದೆ. ನೋಟ್‌ಬುಕ್ ಮುಚ್ಚುವಾಗ ಅದು ನಮ್ಮನ್ನು ಏನೂ ಕೇಳುವುದಿಲ್ಲ. ಹಾಗಿದ್ದರೆ ಕಂಪ್ಯೂಟರ್ ಏಕೆ ಕೇಳಬೇಕು?

ಕಾರಣ ಸರಳ. ತೆರೆದಿಟ್ಟ ಪ್ರತಿ ಡಾಕ್ಯುಮೆಂಟಿಗೂ ಎರಡು ದೇಹಗಳಿವೆ. ಒಂದು ಮೆಮೊರಿಯಲ್ಲಿ, ವಿದ್ಯುತ್ ಹೋದರೆ ಅಳಿಯುವಂಥದ್ದು. ಇನ್ನೊಂದು ಡಿಸ್ಕಿನಲ್ಲಿ, ಉಳಿಯುವಂಥದ್ದು. ನಾವು ತಿದ್ದುವುದು ಮೊದಲನೆಯದನ್ನು. ಎರಡನ್ನೂ ಯಾವಾಗ ಒಂದಾಗಿಸಬೇಕು, ಅದನ್ನು ಯಾರು ನೆನಪಿಡಬೇಕು ಎಂಬುದರ ಸುತ್ತಲೇ ಈ ಚರಿತ್ರೆಯಿದೆ.

1983ರಲ್ಲಿ ಬಂದ ಆಪಲ್ ಲೀಸಾ ಆ ಹೊಣೆಯನ್ನು ಬಹುಮಟ್ಟಿಗೆ ತಾನೇ ಹೊತ್ತಿತ್ತು. ಅಲ್ಲಿ ಬರಹ ಶುರುಮಾಡಲು ಪ್ರೋಗ್ರಾಮ್ ತೆರೆಯಬೇಕಿರಲಿಲ್ಲ. ತೆರೆಯ ಮೇಲಿದ್ದ ಕಾಗದದ ಕಟ್ಟಿನಿಂದ ಒಂದು ಹಾಳೆ ಹರಿದುಕೊಳ್ಳಬೇಕಿತ್ತು, ಅಷ್ಟೆ. ಪವರ್ ಗುಂಡಿ ಒತ್ತಿದರೆ ಯಂತ್ರ ತಕ್ಷಣ ಆರುತ್ತಿರಲಿಲ್ಲ. ಹರಡಿದ್ದ ಹಾಳೆಗಳನ್ನೆಲ್ಲ ಎತ್ತಿಟ್ಟು ಆಮೇಲೆ ಕಣ್ಣು ಮುಚ್ಚುತ್ತಿತ್ತು. ಮತ್ತೆ ಶುರುಮಾಡಿದಾಗ ಮೇಜು ಬಿಟ್ಟಂತೆಯೇ ಇರುತ್ತಿತ್ತು. ಆದರೆ ಬೆಲೆ 9,995 ಡಾಲರ್. ಲೀಸಾ ಸೋತಿತು.

ಮರುವರ್ಷ ಬಂದ ಮ್ಯಾಕಿಂಟಾಶ್‌ನ ಬೆಲೆ 2,495 ಡಾಲರ್. ಮೆಮೊರಿ 128 ಕಿಲೋಬೈಟ್, ಜೊತೆಗೆ ಒಂದೇ ಒಂದು ನಿಧಾನಗತಿಯ ಫ್ಲಾಪಿ. ಅಂಥ ಬಡ ಯಂತ್ರದಲ್ಲಿ ಕ್ಷಣಕ್ಷಣಕ್ಕೂ ಡಿಸ್ಕಿಗೆ ಬರೆಯುತ್ತ ಕೂರುವುದು ಕಷ್ಟ. ‘ಉಳಿಸು’ ಎಂಬುದು ಬಳಸುವವರೇ ಕೊಡಬೇಕಾದ ಆಜ್ಞೆಯಾಯಿತು. ಬಡತನ ಕಲಿಸಿದ ಈ ರೂಢಿ ಮುಂದೆ ನಿಯಮವಾಗಿಬಿಟ್ಟಿತೆಂದು ನನ್ನ ಎಣಿಕೆ. ನಿಯಮವನ್ನು ಗಟ್ಟಿಮಾಡಿದ್ದು ಫ್ರೇಮ್‌ವರ್ಕ್‌ಗಳು.

ಫ್ರೇಮ್‌ವರ್ಕ್ ಎಂದರೆ ಅಚ್ಚುಮಾಡಿಟ್ಟ ಅರ್ಜಿ ನಮೂನೆಯಂಥದ್ದು. ವಿಂಡೊ, ಮೆನು, ಮುದ್ರಣ ಮೊದಲಾದ ಎಲ್ಲರಿಗೂ ಬೇಕಾದ ಕೆಲಸ ಮೊದಲೇ ಸಿದ್ಧವಿರುತ್ತದೆ. ಪ್ರೋಗ್ರಾಮ್ ಬರೆಯುವವರು ಖಾಲಿ ಜಾಗ ತುಂಬಿದರಾಯಿತು. 1985ರಲ್ಲಿ ಲ್ಯಾರಿ ಟೆಸ್ಲರ್ ಮುಂದಾಳತ್ವದ ತಂಡ ಇಂಥ ‘ಮ್ಯಾಕ್‌ಆ್ಯಪ್’ ಅನ್ನು ಹೊರತಂದಿತು. ಝೆರಾಕ್ಸ್ ಪಾರ್ಕ್‌ನಲ್ಲಿದ್ದಾಗ ಕಟ್-ಕಾಪಿ-ಪೇಸ್ಟ್ ರೂಪಿಸಿದವರಲ್ಲಿ ಒಬ್ಬರಾದ ಅದೇ ಟೆಸ್ಲರ್. ಪ್ರತಿ ಕೆಲಸದಲ್ಲೂ ಇಳಿಸಲಾಗದ ಒಂದಿಷ್ಟು ತೊಡಕು ಇದ್ದೇ ಇರುತ್ತದೆ, ಅದನ್ನು ಹೊರುವವರು ಪ್ರೋಗ್ರಾಮರೋ ಬಳಕೆದಾರರೋ ಎಂಬುದಷ್ಟೇ ಪ್ರಶ್ನೆ ಎಂಬುದು ಅವರ ವಾದ.

ಮ್ಯಾಕ್‌ಆ್ಯಪ್‌ನಲ್ಲಿ ಡಾಕ್ಯುಮೆಂಟಿಗೆ ತನ್ನದೇ ಒಂದು ವರ್ಗ, ಅಂದರೆ ಕ್ಲಾಸ್, ಇತ್ತು: ಟಿಡಾಕ್ಯುಮೆಂಟ್. ಡಿಸ್ಕಿನಿಂದ ಓದುವುದು, ಡಿಸ್ಕಿಗೆ ಬರೆಯುವುದು ಅದರ ಕೆಲಸ. ತೆರೆಯ ಮೇಲೆ ತೋರಿಸುವುದು ಬೇರೆ ವರ್ಗದ ಪಾಲು. 1993ರಲ್ಲಿ ಮೈಕ್ರೋಸಾಫ್ಟ್‌ನ ಎಂಎಫ್‌ಸಿ ಕೂಡ ಇದೇ ವಿಭಜನೆಯನ್ನು ತಂದಿತು. ಆಪಲ್‌ನ ಕೊಕೊದಲ್ಲಿ ಆ ವರ್ಗಕ್ಕೆ ಎನ್‌ಎಸ್‌ಡಾಕ್ಯುಮೆಂಟ್ ಎಂದು ಹೆಸರು.

ಉಳಿಸದ ಬದಲಾವಣೆಯಿರುವ ಡಾಕ್ಯುಮೆಂಟನ್ನು ಪ್ರೋಗ್ರಾಮರುಗಳು ‘ಡರ್ಟಿ’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಮೈಲಿಗೆ! ಎಂಎಫ್‌ಸಿಯಲ್ಲಿ ಈ ಮೈಲಿಗೆ ಒಂದು ಬಾವುಟ ಮಾತ್ರ: ಇದೆ ಅಥವಾ ಇಲ್ಲ. ಒಂದಕ್ಷರ ಸೇರಿಸಿ ಮರುಕ್ಷಣವೇ ‘ಅನ್‌ಡೂ’ ಮಾಡಿದರೂ ಬಾವುಟ ತಾನಾಗಿ ಇಳಿಯುವುದಿಲ್ಲ. ಎನ್‌ಎಸ್‌ಡಾಕ್ಯುಮೆಂಟ್ ಬಾವುಟದ ಬದಲು ಎಣಿಕೆ ಇಡುತ್ತದೆ. ಬದಲಾಯಿಸಿದರೆ ಒಂದು ಏರುತ್ತದೆ, ಹಿಂತೆಗೆದರೆ ಒಂದು ಇಳಿಯುತ್ತದೆ. ಸೊನ್ನೆಗೆ ಬಂದರೆ ಡಾಕ್ಯುಮೆಂಟ್ ಮತ್ತೆ ಮಡಿ. ಎಷ್ಟು ಚಿಕ್ಕ ಉಪಾಯ! ಆದರೂ ಮುಚ್ಚುವಾಗ ಪ್ರಶ್ನೆ ಕೇಳುವುದನ್ನು ಯಾವುದೂ ಬಿಡಲಿಲ್ಲ. ಪ್ರಬಂಧವೊಂದನ್ನು ಬರೆದು ಮುಗಿಸಿ, ದಣಿದ ಕೈ ‘ಬೇಡ’ದ ಮೇಲೆ ಬಿದ್ದರೆ ಇಡೀ ರಾತ್ರಿಯ ಕೆಲಸ ಹೋಯಿತು.

2011ರ ಜುಲೈನಲ್ಲಿ ಬಂದ ‘ಲಯನ್’ ಆವೃತ್ತಿಯಲ್ಲಿ ಆಪಲ್ ಈ ಪ್ರಶ್ನೆಯನ್ನೇ ಕಿತ್ತುಹಾಕಲು ಹೊರಟಿತು. ಎನ್‌ಎಸ್‌ಡಾಕ್ಯುಮೆಂಟ್ ಇನ್ನು ತಾನಾಗಿಯೇ ಉಳಿಸುತ್ತದೆ, ಹಳೆಯ ಪಾಠಗಳನ್ನೂ ಕಾಪಾಡುತ್ತದೆ. ಮೆನುವಿನಿಂದ ‘ಸೇವ್ ಆ್ಯಸ್’ ಮಾಯವಾಗಿ ‘ಡೂಪ್ಲಿಕೇಟ್’ ಬಂತು. ಲೀಸಾ ಗೆದ್ದಿತು ಎನ್ನಬೇಕು. ಆದರೆ ಜನ ರೇಗಿದರು. ಹೋದ ವರ್ಷದ ಪತ್ರ ತೆರೆದು, ತಾರೀಕು-ಹೆಸರು ತಿದ್ದಿ, ಕೊನೆಗೆ ಹೊಸ ಹೆಸರಿನಲ್ಲಿ ಉಳಿಸುವುದು ಎಷ್ಟೋ ಮಂದಿಯ ಅಭ್ಯಾಸ. ಈಗ ಅವರು ಕೊನೆ ಮುಟ್ಟುವಷ್ಟರಲ್ಲಿ ಮೂಲಪತ್ರವೇ ತಿದ್ದಿಹೋಗಿರಬಹುದಿತ್ತು. ಬೇಕೆಂದರೆ ಹಳೆಯ ಪಾಠಗಳ ನಡುವೆ ಹುಡುಕಿ ಮರಳಿ ಪಡೆಯಬೇಕು. ನಮಗೆ ಶಾಪವೆನಿಸಿದ್ದ ಆ ‘ಉಳಿಸು’ ಬರೆಯುವವನ ಸ್ವಾತಂತ್ರ್ಯವೂ ಆಗಿತ್ತು: ಇಲ್ಲಿಯವರೆಗೆ ಬರೀ ಪ್ರಯತ್ನ, ಇಲ್ಲಿಂದಾಚೆ ನನ್ನ ಒಪ್ಪಿಗೆ ಎಂದು ಗೆರೆ ಎಳೆಯುವ ಸ್ವಾತಂತ್ರ್ಯ.

ಆಪಲ್‌ಗೂ ಈ ಅಳುಕು ಇದ್ದಿರಬೇಕು. ಎರಡು ವಾರ ಮುಟ್ಟದ ಡಾಕ್ಯುಮೆಂಟಿಗೆ ಲಯನ್ ತಾನೇ ಬೀಗ ಹಾಕುತ್ತಿತ್ತು. ತಿದ್ದಲು ಹೋದರೆ ಬೀಗ ತೆಗೆಯಲೇ, ಪ್ರತಿ ಮಾಡಲೇ ಎಂದು ಕೇಳುತ್ತಿತ್ತು. ಮುಚ್ಚುವಾಗಿನ ಪ್ರಶ್ನೆ ತೆರೆಯುವಾಗಿನ ಪ್ರಶ್ನೆಯಾಯಿತು, ಟೆಸ್ಲರ್ ಹೇಳಿದ ತೊಡಕು ಜಾಗ ಬದಲಿಸಿದಂತೆ. 2012ರ ಮುಂದಿನ ಆವೃತ್ತಿಯಲ್ಲಿ ‘ಸೇವ್ ಆ್ಯಸ್’ ಮರಳಿತು, ಆಪ್ಷನ್ ಕೀಲಿ ಒತ್ತಿಹಿಡಿದವರಿಗೆ ಮಾತ್ರ ಕಾಣುವಂತೆ. ಸೆಟ್ಟಿಂಗ್‌ಗಳಲ್ಲಿ ಒಂದು ಚೌಕವೂ ಸೇರಿತು: ಗುರುತು ಹಾಕಿದರೆ, ಮುಚ್ಚುವಾಗ ಯಂತ್ರ ಮತ್ತೆ ಮೊದಲಿನಂತೆ ಕೇಳುತ್ತದೆ.