ಸರ್ವೆ ನಂಬರು, ಹಿಸ್ಸಾ, ಚೀಟಿ: ಬ್ಯಾಚ್ ಕಡತಗಳು ಡಿಸ್ಕಿನ ಗುರುತು ಹಿಡಿದ ಬಗೆ

ಊಟಿಯ ದಾರಿಯೂ ವಯನಾಡಿನ ದಾರಿಯೂ ಕವಲೊಡೆಯುವ ಗುಂಡ್ಲುಪೇಟೆಯಲ್ಲಿ, ಚೆಂಡುಹೂವಿನ ಸುಗ್ಗಿಯ ಒಂದು ಮಧ್ಯಾಹ್ನ, ಪರಿಚಿತರ ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತಿದ್ದೆನು. ಹೂವಿನ ವ್ಯಾಪಾರಿಯೊಬ್ಬರು ತಮ್ಮ ಲೆಕ್ಕದ ಯಂತ್ರವನ್ನು ಹೊತ್ತು ತಂದಿದ್ದರು. ವೈರಸ್ಸು ಹತ್ತಿತೆಂದು ಅದನ್ನು ಹಿಂದಿನ ದಿನವಷ್ಟೆ ಫಾರ್ಮ್ಯಾಟ್ ಮಾಡಿ ಕೊಡಲಾಗಿತ್ತು. ಈಗ ಲೆಕ್ಕದ ತಂತ್ರಾಂಶವು ಬಾಗಿಲು ತೆರೆಯಲೊಲ್ಲದು. ಅಂಗಡಿಯ ಹುಡುಗನು ಪರದೆಯನ್ನು ನೋಡಿ, “ಹಾರ್ಡ್‌ಡಿಸ್ಕು ಬದಲಾಗದ ಅಂತದ ಸಾ, ಹೊಸ ಕೀ ಬೇಕಂತ” ಎಂದನು. ವ್ಯಾಪಾರಿಗಳು, “ನಾನೆಲ್ಲಪ್ಪ ಬದಲಾಯ್ಸುದ್ದು? ಅದೇ ಡಬ್ಬ, ಅದೇ ಡಿಸ್ಕು” ಎಂದರು. ಇಬ್ಬರಲ್ಲಿ ಯಾರೂ ಸುಳ್ಳಾಡುತ್ತಿರಲಿಲ್ಲ. ಸುಳ್ಳು ಹೇಳುತ್ತಿದ್ದುದು ತಂತ್ರಾಂಶ. ಅದನ್ನು ಬರೆದಾತನು ‘ವಾಲ್’ ಎಂಬ ಆಜ್ಞೆಗೆ ದೊರೆಯುವ ಎಂಟು ಅಂಕಾಕ್ಷರಗಳ ಸಂಖ್ಯೆಯನ್ನು ಹಾರ್ಡ್‌ಡಿಸ್ಕಿನ ಸಂಖ್ಯೆಯೆಂದೇ ನಂಬಿದ್ದನು. ಈ ನಂಬಿಕೆ ಇಂದು ಎಷ್ಟು ವ್ಯಾಪಕವಾಗಿದೆಯೆಂದರೆ, ಅಲ್ಲವೆಂದು ಹೇಳುವವನನ್ನೇ ಅಜ್ಞನೆಂಬಂತೆ ನೋಡುವವರುಂಟು. ಈ ಲೇಖನಕ್ಕೆ ಅದೇ ಪ್ರೇರಣೆ.

ಮಾತು ಮುಂದುವರಿಯುವ ಮೊದಲು ಪದಾರ್ಥಗಳನ್ನು ಬಿಡಿಸಿಡುವುದು ಒಳ್ಳೆಯದು. ಅದಕ್ಕೆ ನಮ್ಮ ತಾಲ್ಲೂಕು ಕಚೇರಿಯ ಮಾತೇ ಸಾಕು. ಡಿಸ್ಕೆಂಬುದು ಒಂದು ಸರ್ವೆ ನಂಬರು. ಅದರ ಸಂಖ್ಯೆ ಕಾರ್ಖಾನೆಯಲ್ಲಿಯೇ ನಿಶ್ಚಿತವಾದದ್ದು, ಮೇಲೆ ಏನು ಬೆಳೆದರೂ ಅದು ಬದಲಾಗದು. ಪೋಡಿಯಾದಾಗ ಸರ್ವೆ ನಂಬರು ಹಿಸ್ಸಾಗಳಾಗುವಂತೆ ಡಿಸ್ಕು ಪಾರ್ಟಿಷನ್ನುಗಳಾಗುತ್ತದೆ. ಹಿಸ್ಸಾದ ಮೇಲೆ ಉತ್ತು ಬಿತ್ತಿ ಎಬ್ಬಿಸಿದ ಬೆಳೆಯೇ ವಾಲ್ಯೂಮು. ಅದಕ್ಕೆ ನಾವಿಡುವ ಲೇಬಲ್ಲು, ಹುಣಸೇಮರದ ಹೊಲ, ಕೆರೆ ಕೆಳಗಣ ಗದ್ದೆ ಎಂಬಂಥ ರೂಢಿಯ ಹೆಸರು. ‘ವಾಲ್’ ತೋರಿಸುವ ಸಂಖ್ಯೆಯಾದರೋ ಬಿತ್ತನೆಯ ದಿನ. ಫಾರ್ಮ್ಯಾಟ್ ಮಾಡಿದ ಗಳಿಗೆಯ ದಿನಾಂಕ ಮತ್ತು ವೇಳೆಗಳಿಂದ ಹುಟ್ಟಿದ ಮೂವತ್ತೆರಡು ಬಿಟ್ಟುಗಳ ಸಂಖ್ಯೆ. ಮತ್ತೊಮ್ಮೆ ಬಿತ್ತಿದರೆ ಬೇರೆಯಾಗುತ್ತದೆ. ಹೊಲದ ಯಥಾವತ್ ನಕಲನ್ನು ಬೇರೊಂದು ಡಿಸ್ಕಿಗೆ ಇಳಿಸಿದರೆ ಎರಡರಲ್ಲಿಯೂ ಒಂದೇ ಆಗಿರುತ್ತದೆ. ಇನ್ನು ಸಿ, ಡಿ, ಇ ಎಂಬ ಅಕ್ಷರಗಳು ಸರದಿಯಲ್ಲಿ ನಿಂತವರಿಗೆ ಕೊಡುವ ಚೀಟಿಗಳು. ಇಂದು ನಿಮ್ಮ ಕೈಯಲ್ಲಿರುವ ಚೀಟಿ ನಾಳೆ ಪಕ್ಕದವನ ಕೈಯಲ್ಲಿರಬಹುದು.

ಪ್ರಾಚೀನಕಾಲವನ್ನು ಬೇಗ ದಾಟಬಹುದು. 1981ರಲ್ಲಿ ಐಬಿಎಂ ಪಿಸಿಯೊಡನೆ ಬಂದ ಡಾಸಿನಲ್ಲಿಯೇ, ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟು ಒಟ್ಟಿಗೆ ಓಡಿಸುವ ಬ್ಯಾಚ್ ಕಡತವೆಂಬುದಿತ್ತು. ಆದರೆ ಗುರುತಿಸಬೇಕಾದ ವಸ್ತುವೆಂದರೆ ಕೈಯಲ್ಲಿ ಹಿಡಿಯುವ ಫ್ಲಾಪಿ ಮಾತ್ರ, ಅದರ ಮೇಲಿನ ಕಾಗದದ ಚೀಟಿಯನ್ನು ಕಣ್ಣು ಓದುತ್ತಿತ್ತು. 1983ರಲ್ಲಿ ಪಿಸಿ ಎಕ್ಸ್‌ಟಿಯೊಡನೆ ಹತ್ತು ಮೆಗಾಬೈಟಿನ ಹಾರ್ಡ್‌ಡಿಸ್ಕೂ, ಡಾಸ್ 2.0ರೊಡನೆ ಹನ್ನೊಂದು ಅಕ್ಷರಗಳ ಲೇಬಲ್ಲೂ ‘ವಾಲ್’ ಆಜ್ಞೆಯೂ ಬಂದವು. 1988ರ ಡಾಸ್ 4.0 ವಾಲ್ಯೂಮಿಗೆ ಕ್ರಮಸಂಖ್ಯೆಯನ್ನು ಕೊಟ್ಟಿತು. ಡ್ರೈವಿನಲ್ಲಿರುವ ಫ್ಲಾಪಿಯನ್ನು ಯಾರಾದರೂ ನಡುವೆ ಬದಲಿಸಿದರೆ ಯಂತ್ರಕ್ಕೆ ತಿಳಿಯಲೆಂಬುದು ಅದರ ಉದ್ದೇಶ. ಪರವಾನಗಿಯ ಬೀಗಕ್ಕೆ ಗೂಟವಾಗಲೆಂದು ಯಾರೂ ಅದನ್ನು ಹುಟ್ಟಿಸಲಿಲ್ಲ. ಆ ಕಾರಣದಿಂದಲೇ ‘ಡಿಸ್ಕ್‌ಕಾಪಿ’ ಆಜ್ಞೆಯು ನಕಲು ಫ್ಲಾಪಿಗೆ ಬೇರೆ ಸಂಖ್ಯೆಯನ್ನು ಹಾಕುತ್ತಿತ್ತು. ಲೆಕ್ಕದ ತಂತ್ರಾಂಶ ಬರೆಯುವವರು ಇದೊಂದನ್ನು ಅರಿತಿದ್ದರೆ ಮೇಲೆ ಹೇಳಿದ ಜಗಳ ಹುಟ್ಟುತ್ತಿರಲಿಲ್ಲ.

ನಮ್ಮ ತಲೆಮಾರು ಕಣ್ಣು ತೆರೆದದ್ದು ಇಲ್ಲಿ. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರವು ಜಿಲ್ಲೆಯಾದಾಗ, ಹೊಸ ಕಚೇರಿಗಳೊಡನೆ ಹಳೆಯ ಯಂತ್ರಗಳೂ ಬಂದವು. ಅವುಗಳಲ್ಲಿ ಬಹಳಷ್ಟು ಡಾಸಿನಲ್ಲಿಯೇ ನಡೆಯುತ್ತಿದ್ದವು. ಡಾಸಿನ ಬ್ಯಾಚ್ ಭಾಷೆಗೆ ಒಂದು ದೊಡ್ಡ ಊನವಿತ್ತು: ಅದು ಆಜ್ಞೆಗಳನ್ನು ಹೊರಡಿಸಬಲ್ಲದು, ಆಜ್ಞೆಗೆ ಬಂದ ಉತ್ತರವನ್ನು ಓದಲಾರದು. ‘ವಾಲ್’ ಹೇಳಿದ್ದು ಪರದೆಯ ಮೇಲೆ ಮನುಷ್ಯನಿಗೆ ಕಾಣುತ್ತಿತ್ತು, ಕಡತದ ಕೈಗೆ ಸಿಗುತ್ತಿರಲಿಲ್ಲ. ಈ ಕುರುಡಿಗೆ ಯಾವನೋ ಪುಣ್ಯಾತ್ಮನು ಕಂಡುಹಿಡಿದ ಉಪಾಯವು ನಮ್ಮ ಕಸುಬಿನ ಅತ್ಯಂತ ಸುಂದರವಾದ ಯುಕ್ತಿಯೆಂದು ನಾನು ಇಂದಿಗೂ ಭಾವಿಸುತ್ತೇನೆ. ‘ವಾಲ್’ ಕೊಡುವ ಉತ್ತರದ ಎರಡು ಸಾಲುಗಳೂ ‘ವಾಲ್ಯೂಮ್’ ಎಂಬ ಶಬ್ದದಿಂದಲೇ ಆರಂಭವಾಗುತ್ತವೆಯಷ್ಟೆ. ಅವುಗಳಲ್ಲಿ ಕ್ರಮಸಂಖ್ಯೆಯಿರುವ ಸಾಲನ್ನು ‘ಫೈಂಡ್’ ಆಜ್ಞೆಯಿಂದ ಆಯ್ದು, ಒಂದು ತಾತ್ಕಾಲಿಕ ಬ್ಯಾಚ್ ಕಡತಕ್ಕೆ ಸುರಿದು, ಆ ಕಡತವನ್ನೇ ಓಡಿಸುವುದು. ಡಾಸು ಸಾಲಿನ ಮೊದಲ ಶಬ್ದವನ್ನು ಆಜ್ಞೆಯೆಂದು ತಿಳಿದು ‘ವಾಲ್ಯೂಮ್’ ಎಂಬ ಹೆಸರಿನ ಕಾರ್ಯಕ್ರಮವನ್ನು ಹುಡುಕುತ್ತದೆ. ನಾವು ಮೊದಲೇ ವಾಲ್ಯೂಮ್.ಬ್ಯಾಟ್ ಎಂಬ ಕಡತವನ್ನು ಬರೆದಿಟ್ಟು ಕಾದಿರುತ್ತೇವೆ. ಸಾಲಿನ ಉಳಿದ ಶಬ್ದಗಳೆಲ್ಲ ಅದಕ್ಕೆ ಆರ್ಗ್ಯುಮೆಂಟುಗಳಾಗಿ ಬಂದು ಬೀಳುತ್ತವೆ, ನಾಲ್ಕನೆಯದೇ ನಮಗೆ ಬೇಕಾದ ಸಂಖ್ಯೆ. ಲೇಬಲ್ಲು ಬೇಕಾದರೆ ಇನ್ನೊಂದು ಸಾಲನ್ನು ಆಯ್ದು ಐದನೆಯ ಶಬ್ದವನ್ನು ಹಿಡಿದರಾಯಿತು. ಯಂತ್ರದ ಉತ್ತರವನ್ನೇ ಯಂತ್ರಕ್ಕೆ ಅಪ್ಪಣೆಯಾಗಿ ತಿರುಗಿಸುವ ಈ ವಿದ್ಯೆಯನ್ನು ನಾನು ಚಾಮರಾಜನಗರದಲ್ಲಿ ಹಿರಿಯ ತಂತ್ರಜ್ಞರೊಬ್ಬರ ಬಳಿ ಕಲಿತೆನು. ಅವರು ಯಾರಿಂದ ಕಲಿತರೆಂಬುದನ್ನು ಕೇಳದೆ ಹೋದದ್ದು ನನ್ನ ತಪ್ಪು. ಲೇಬಲ್ಲಿನ ನಡುವೆ ತೆರಪಿದ್ದರೆ ಹೆಸರು ಅರ್ಧಕ್ಕೆ ಕಡಿಯುತ್ತದೆ, ಲೇಬಲ್ಲೇ ಇಲ್ಲದಿದ್ದರೆ ಉತ್ತರದ ವಾಕ್ಯವೇ ಬೇರೆಯಾಗುತ್ತದೆ ಎಂಬ ಎರಡು ಎಡವುಗಲ್ಲುಗಳನ್ನು ಮಾತ್ರ ನಾನೇ ಎಡವಿ ತಿಳಿದೆನು.

1996ರ ವಿಂಡೋಸ್ ಎನ್‌ಟಿ 4.0ರಲ್ಲಿ ‘ಫಾರ್’ ಆಜ್ಞೆಗೆ ಎಫ್ ಎಂಬ ಹೊಸ ಶಕ್ತಿ ಬಂದು, ಉತ್ತರವನ್ನು ನೇರವಾಗಿ ಓದಿ ಪದಪದವಾಗಿ ಸೀಳುವುದು ಸಾಧ್ಯವಾಯಿತು. ನಮ್ಮ ಸುಂದರಯುಕ್ತಿ ಅಂಥ ಯಂತ್ರಗಳಲ್ಲಿ ಅನಾವಶ್ಯಕವಾಯಿತು. ಕೆಲವು ವರ್ಷಗಳ ಮೇಲೆ ಕರ್ನಾಟಕದ 177 ತಾಲ್ಲೂಕುಗಳ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದ ‘ಭೂಮಿ’ ಯೋಜನೆಯು ತಾಲ್ಲೂಕು ಕಚೇರಿಗಳ ರೂಪವನ್ನೇ ಬದಲಾಯಿಸಿತು. ಕೈಬರಹದ ಪಹಣಿ ಮರೆಯಾದ ಮೇಲೆ, ದತ್ತಾಂಶವು ಎಲ್ಲಿದೆ, ಅದರ ಪ್ರತಿ ಎಲ್ಲಿದೆ ಎಂಬ ಪ್ರಶ್ನೆ ಖಾಸಗಿ ಅಂಗಡಿ, ಸೊಸೈಟಿ, ಶಾಲೆಗಳವರನ್ನೂ ತಟ್ಟಿತು. ಪ್ರತಿಯ ಡಿಸ್ಕನ್ನು ಗುರುತಿಸಿ ಪ್ರತಿ ತೆಗೆಯುವ ಬ್ಯಾಚ್ ಕಡತಗಳಿಗೆ ಬೇಡಿಕೆ ಹುಟ್ಟಿದ್ದು ಹೀಗೆ. ವಿಂಡೋಸ್ 2000 ‘ಮೌಂಟ್‌ವಾಲ್’ ಆಜ್ಞೆಯ ಮೂಲಕ ಪ್ರತಿ ವಾಲ್ಯೂಮಿಗೂ ಆವರಣಚಿಹ್ನೆಯೊಳಗಿನ ಒಂದು ದೀರ್ಘನಾಮವನ್ನು ತೋರಿಸಿತು. ಇದು ಅಕ್ಷರದ ಚೀಟಿಗಿಂತ ಎಷ್ಟೋ ಸ್ಥಿರವಾದದ್ದು. ಆದರೆ ಹಳೆಯ ಬಗೆಯ ಪಾರ್ಟಿಷನ್ ಪಟ್ಟಿಯಿರುವ ಡಿಸ್ಕಿಗೆ ಚಾಮರಾಜನಗರದ ಯಂತ್ರ ಕೊಟ್ಟ ದೀರ್ಘನಾಮವೇ ಬೇರೆ, ಗುಂಡ್ಲುಪೇಟೆಯ ಯಂತ್ರ ಕೊಡುವುದೇ ಬೇರೆ.

2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ಮೂರು ಸಾಧನಗಳು, ಡಿಸ್ಕ್‌ಪಾರ್ಟ್, ಎಫ್‌ಎಸ್‌ಯುಟಿಲ್ ಮತ್ತು ಡಬ್ಲ್ಯುಮಿಕ್, ನಮ್ಮ ಕಸುಬಿನ ಸುವರ್ಣಯುಗವನ್ನು ತೆರೆದವೆನ್ನಬೇಕು. ಇವುಗಳಲ್ಲಿ ಡಬ್ಲ್ಯುಮಿಕ್ಕಿನ ಮೇಲೆ ನನಗೆ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ. ಎಲ್ಲರಿಗಿಂತ ಮೊದಲು ಅದು ಡಿಸ್ಕನ್ನು, ಹಿಸ್ಸಾವನ್ನು, ಬೆಳೆಯನ್ನು ಬೇರೆಬೇರೆ ವರ್ಗಗಳಾಗಿ ಕಂಡು, ಒಂದಕ್ಕೂ ಮತ್ತೊಂದಕ್ಕೂ ಇರುವ ಸಂಬಂಧವನ್ನು ಕೇಳಲು ದಾರಿ ಕೊಟ್ಟಿತು. ಅದಲ್ಲದೆ ‘ವಾಲ್’ ಉತ್ತರವು ವಿಂಡೋಸಿನ ಭಾಷೆಯನ್ನವಲಂಬಿಸಿದ್ದು, ಜರ್ಮನ್ ವಿಂಡೋಸಿನಲ್ಲಿ ಅದೇ ಸಾಲು ಜರ್ಮನ್ನಿನಲ್ಲಿ ಬರುವುದರಿಂದ ನಮ್ಮ ‘ಫೈಂಡ್’ ಬರಿಗೈಯಲ್ಲಿ ಮರಳುವುದು. ಡಬ್ಲ್ಯುಮಿಕ್ಕಾದರೋ ಡ್ರೈವಿನ ಬಗೆಯನ್ನು ಅಂಕಿಯಲ್ಲಿ ಹೇಳುತ್ತಿತ್ತು: ಎರಡೆಂದರೆ ತೆಗೆಯಬಲ್ಲದ್ದು, ಮೂರೆಂದರೆ ಸ್ಥಿರವಾದದ್ದು, ನಾಲ್ಕು ಜಾಲದ್ದು, ಐದು ಸಿಡಿ. ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ಆಟೋರನ್ ವೈರಸ್ಸು ಹಬ್ಬುತ್ತಿದ್ದ ವರ್ಷಗಳಲ್ಲಿ, ಎರಡೆಂಬ ಅಂಕಿಯ ಡ್ರೈವುಗಳನ್ನು ಮಾತ್ರ ಹುಡುಕಿ ಶುದ್ಧಮಾಡುವ ಹತ್ತು ಸಾಲಿನ ಕಡತವೊಂದು ಚಾಮರಾಜನಗರ, ಗುಂಡ್ಲುಪೇಟೆ ಎಂಬ ನಮ್ಮೆರಡು ತಾಲ್ಲೂಕುಗಳ ಅಂಗಡಿಗಳಲ್ಲಿ ಕೈಯಿಂದ ಕೈಗೆ ಸಾಗಿತು. ಇದಕ್ಕೆ ಮುಂಚೆ ಸಿಯಿಂದ ಝಡ್‌ವರೆಗೆ ಒಂದೊಂದೇ ಅಕ್ಷರವನ್ನು ತಟ್ಟಿ, ನಾವಿಟ್ಟ ಗುರುತಿನ ಕಡತ ಅಲ್ಲಿದೆಯೇ ಎಂದು ಕೇಳುವ ಪದ್ಧತಿಯಿತ್ತು. ಖಾಲಿ ಕಾರ್ಡ್‌ರೀಡರು ಎದುರಾದೊಡನೆ ‘ಡ್ರೈವಿನಲ್ಲಿ ಡಿಸ್ಕಿಲ್ಲ’ ಎಂಬ ಫಲಕವು ಎದ್ದುನಿಂತು ಕೆಲಸವೇ ಸ್ತಂಭಿಸುತ್ತಿತ್ತು.

ಆದರೂ ಡಬ್ಲ್ಯುಮಿಕ್ ದೋಷರಹಿತವಾದ ಸಾಧನವೆಂದು ಯಾರೂ ಭ್ರಮಿಸಬಾರದು. ಯುಎಸ್‌ಬಿಯ ಮೂಲಕ ಜೋಡಿಸುವ ದೊಡ್ಡ ಹಾರ್ಡ್‌ಡಿಸ್ಕು ತೆಗೆಯಬಲ್ಲದ್ದಾದರೂ ತನ್ನನ್ನು ಮೂರೆಂದೇ ಹೇಳಿಕೊಳ್ಳುತ್ತದೆ. ಕೆಲವು ಅಗ್ಗದ ಡಬ್ಬಿಗಳು ಒಳಗಿನ ಡಿಸ್ಕಿನ ಸಂಖ್ಯೆಯನ್ನು ಮರೆಮಾಡಿ ತಮ್ಮದೇ ಸಂಖ್ಯೆಯನ್ನು ಮುಂದೊಡ್ಡುತ್ತವೆ. ಕೆಲವು ಯಂತ್ರಗಳಲ್ಲಿ ಡಿಸ್ಕಿನ ಸಂಖ್ಯೆಯ ಅಕ್ಷರಗಳು ಎರಡೆರಡಾಗಿ ಅದಲುಬದಲಾಗಿ ಬರುತ್ತವೆ. ಡಬ್ಲ್ಯುಮಿಕ್ಕಿನ ಉತ್ತರದ ಪ್ರತಿ ಸಾಲಿನ ತುದಿಯಲ್ಲಿ ಕಣ್ಣಿಗೆ ಕಾಣದ ಒಂದು ಹೆಚ್ಚಿನ ಚಿಹ್ನೆ ಅಂಟಿಕೊಂಡಿರುವುದರಿಂದ, ‘ಫಾರ್’ ಒಳಗೆ ಮತ್ತೊಂದು ‘ಫಾರ್’ ಇಟ್ಟು ಅದನ್ನು ತೊಳೆಯಬೇಕು. ಇದನ್ನರಿಯದೆ, ಎರಡು ಸಂಖ್ಯೆಗಳು ಕಣ್ಣಿಗೆ ಒಂದೇ ಆಗಿದ್ದರೂ ಯಂತ್ರಕ್ಕೆ ಏಕೆ ಬೇರೆಯೆಂದು ನಾನೊಂದು ಇಡೀ ರಾತ್ರಿ ಕಳೆದಿದ್ದೇನೆ.

ಇನ್ನು ಡಿಸ್ಕ್‌ಪಾರ್ಟಿನ ಮಾತು. ಅದನ್ನು ಕುರಿತು ಬರೆಯುವಾಗ ನನ್ನ ಕೈ ಇನ್ನೂ ಸ್ವಲ್ಪ ನಡುಗುತ್ತದೆ. ಒಂದು ಕಚೇರಿಗೆ, ಪ್ರತಿ ಶನಿವಾರ ಹೊರಗಿನ ಡಿಸ್ಕನ್ನು ಬರಿದುಮಾಡಿ ಹೊಸದಾಗಿ ಪ್ರತಿ ತುಂಬುವ ಕಡತವನ್ನು ಬರೆದುಕೊಟ್ಟಿದ್ದೆನು. ಯಂತ್ರದೊಳಗಿನದು ಸೊನ್ನೆ, ಹೊರಗಿನದು ಒಂದು. ಆದ್ದರಿಂದ ‘ಒಂದನ್ನು ಆರಿಸು, ಬರಿದುಮಾಡು’ ಎಂದು ಬರೆದೆನು. ವರ್ಷವೊಂದು ಸುಖವಾಗಿ ನಡೆಯಿತು. ಆಮೇಲೆ ಅವರು ಸ್ಕ್ಯಾನ್ ಮಾಡಿದ ಹಳೆಯ ದಾಖಲೆಗಳಿಗೆಂದು ಯಂತ್ರದೊಳಗೆ ಎರಡನೆಯ ಡಿಸ್ಕನ್ನು ಕೂಡಿಸಿದರು. ಒಂದೆಂಬ ಅಂಕಿ ಅದಕ್ಕೆ ಹೋಯಿತು, ಹೊರಗಿನದು ಎರಡಾಯಿತು. ಆ ಶನಿವಾರ ನನ್ನ ಕಡತವು ಕೊಟ್ಟ ಮಾತನ್ನು ಅಕ್ಷರಶಃ ನಡೆಸಿತು. ‘ಕ್ಲೀನ್’ ಎಂಬ ಆಜ್ಞೆ ಹಿಸ್ಸಾಗಳ ಪಟ್ಟಿಯನ್ನಷ್ಟೆ ಅಳಿಸಿ ಬೆಳೆಯನ್ನು ನೆಲದಲ್ಲಿಯೇ ಬಿಡುವುದರಿಂದ ಮೂರು ದಿನಗಳ ದುಡಿಮೆಯಲ್ಲಿ ಬಹುಪಾಲು ಮರಳಿ ದೊರೆಯಿತು. ‘ಕ್ಲೀನ್ ಆಲ್’ ಎಂದು ಬರೆದಿದ್ದರೆ ನಾನು ಊರು ಬಿಡಬೇಕಾಗುತ್ತಿತ್ತು. ಡಿಸ್ಕಿನ ಕಾರ್ಖಾನೆ ಸಂಖ್ಯೆಯನ್ನು ಮೊದಲು ಓದಿ, ಪಟ್ಟಿಯಲ್ಲಿರುವುದರೊಡನೆ ಹೋಲಿಸಿ, ಹೊಂದದಿದ್ದರೆ ಸುಮ್ಮನೆ ಹಿಂದಿರುಗುವ ಆರು ಸಾಲುಗಳನ್ನು ಸೇರಿಸದೆ ಅಂದಿನಿಂದ ನಾನು ಒಂದು ಕಡತವನ್ನೂ ಯಾರ ಕೈಗೂ ಕೊಟ್ಟಿಲ್ಲ.

2006ರಲ್ಲಿ ಪವರ್‌ಶೆಲ್ ಬಂದಿತು, 2012ರಲ್ಲಿ ಡಿಸ್ಕು ವಾಲ್ಯೂಮುಗಳಿಗೆಂದೇ ಅದರಲ್ಲಿ ಪ್ರತ್ಯೇಕ ಆಜ್ಞೆಗಳು ಬಂದವು. ಪಠ್ಯವನ್ನು ಸೀಳುವ ಗೋಜಿಲ್ಲದೆ ಗುಣಗಳನ್ನೇ ನೇರವಾಗಿ ಕೈಗೆ ಕೊಡುವ ಆ ಪದ್ಧತಿ ಶ್ರೇಷ್ಠವೆಂಬುದನ್ನು ನಾನು ಒಪ್ಪುತ್ತೇನೆ. ಬ್ಯಾಚ್ ಕಡತದೊಳಗಿಂದಲೇ ಒಂದು ಸಾಲಿನಲ್ಲಿ ಅದನ್ನು ಕರೆಯಬಹುದಾದ್ದರಿಂದ ಜಗಳಕ್ಕೆ ಕಾರಣವೂ ಇಲ್ಲ. ಆದರೆ ಹೊಸಬರು ‘ಬ್ಯಾಚ್ ಸತ್ತಿತು’ ಎಂದು ಘೋಷಿಸುವಾಗ, ಹೊಸ ಭಾಷೆಯಲ್ಲಿಯೂ ಅವರು ಬರೆಯುತ್ತಿರುವುದು ‘ಒಂದನ್ನು ಆರಿಸು’ ಎಂಬ ನನ್ನ ಹಳೆಯ ತಪ್ಪನ್ನೇ ಎಂಬುದನ್ನು ಗಮನಿಸುವುದಿಲ್ಲ. ಇತ್ತ ಮೈಕ್ರೋಸಾಫ್ಟು 2021ರಲ್ಲಿ ಡಬ್ಲ್ಯುಮಿಕ್ಕನ್ನು ನಿವೃತ್ತರ ಪಟ್ಟಿಗೆ ಸೇರಿಸಿತು. 2024ರ ವಿಂಡೋಸ್ 11ರ ಆವೃತ್ತಿಯಲ್ಲಿ ಅದು ತಾನಾಗಿ ದೊರೆಯುವುದಿಲ್ಲ.

ಈ ವಿದ್ಯೆ ಕನ್ನಡದ ಮಟ್ಟಿಗೆ ಬಿಟ್ಟ ತೆರಪುಗಳನ್ನೂ ಹೇಳಬೇಕು. ಎನ್‌ಟಿಎಫ್‌ಎಸ್ ವಾಲ್ಯೂಮಿಗೆ ಮೂವತ್ತೆರಡು ಅಕ್ಷರಗಳ ಲೇಬಲ್ಲನ್ನು ಯೂನಿಕೋಡಿನಲ್ಲಿ ಇಡಬಹುದು. ‘ಹಳೇ ಪಹಣಿ’ ಎಂದು ಹೆಸರಿಟ್ಟರೆ ಕಿಟಕಿಯಲ್ಲಿ ಚೆನ್ನಾಗಿಯೇ ಕಾಣುವುದು. ಆದರೆ ಆಜ್ಞೆಯ ಕಪ್ಪುಪರದೆಯ ಹಳೆಯ ಕೋಡ್‌ಪೇಜುಗಳಲ್ಲಿ ಕನ್ನಡಕ್ಕೆಂದು ಒಂದೂ ಇಲ್ಲ. ಆದ್ದರಿಂದ ಬ್ಯಾಚ್ ಕಡತವು ಅದೇ ಹೆಸರನ್ನು ಓದಹೊರಟಾಗ ಸಾಲಾಗಿ ಪ್ರಶ್ನಚಿಹ್ನೆಗಳು ಬರುತ್ತವೆ. ಕೋಡ್‌ಪೇಜನ್ನು 65001ಕ್ಕೆ ಬದಲಾಯಿಸಿದರೆ ಅಕ್ಷರಗಳು ಬದುಕುತ್ತವೆ, ಒತ್ತಕ್ಷರಗಳು ಮಾತ್ರ ಪರದೆಯ ಮೇಲೆ ಒಡೆದುಬೀಳುತ್ತವೆ. ಫ್ಯಾಟ್ 32ರ ಪೆನ್‌ಡ್ರೈವಿಗಾದರೋ ಕನ್ನಡದ ಹೆಸರನ್ನು ಇಡುವುದೇ ಅಸಾಧ್ಯ. ಹೀಗಾಗಿ ನಮ್ಮ ಊರುಗಳ ಡಿಸ್ಕುಗಳೆಲ್ಲ ‘ನ್ಯೂ ವಾಲ್ಯೂಮ್’ ಎಂಬ ಒಂದೇ ಹೆಸರಿನ ಅನಾಮಧೇಯಗಳಾಗಿ ಉಳಿದಿವೆ. ವಾಲ್ಯೂಮಿಗೆ ಸಂಪುಟವೆಂದು ಕನ್ನಡಿಸಿದವರುಂಟು. ಅಂಗಡಿಯಲ್ಲಿ ಆ ಮಾತನ್ನಾಡಿದರೆ ಪುಸ್ತಕ ಕೇಳುತ್ತಿದ್ದೀರೆಂದು ತಿಳಿಯುತ್ತಾರೆ.

ಪುಸ್ತಕದ ಸಂಪುಟವೆಂದಾಗ ನೆನಪಾಗುವುದು: ಬಿ. ಎಲ್. ರೈಸ್ ಅವರು 1898ರಲ್ಲಿ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ ಗುಂಡ್ಲುಪೇಟೆಗಳ ಶಾಸನಗಳಿಗೆ ತಾಲ್ಲೂಕಿನ ಹೆಸರಿನಡಿ ಅಂಕಿಯಿಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮಾಲೆಯಲ್ಲಿ ಸಂಪುಟಗಳೂ ಬದಲಾದವು, ಅಂಕಿಗಳೂ ಬದಲಾದವು. ಕಲ್ಲುಗಳು ಇದ್ದಲ್ಲಿಯೇ ಇವೆ. ಸಂಶೋಧಕರು ದಾರಿ ತಪ್ಪದಿರುವುದಕ್ಕೆ ಕಾರಣ, ಹಳೆಯ ಅಂಕಿಗೆ ಹೊಸದು ಯಾವುದೆಂದು ತಿಳಿಸುವ ಪಟ್ಟಿ. ನಮ್ಮ ಕಸುಬಿನಲ್ಲಿ ಅಂಥ ಪಟ್ಟಿಯಿಲ್ಲ. ಬ್ಯಾಚ್ ಕಡತಗಳನ್ನು ಬರೆದವರು ಹೆಸರು ಹಾಕಲಿಲ್ಲ, ದಿನಾಂಕ ಹಾಕಲಿಲ್ಲ, ಏಕೆ ಬರೆದೆವೆಂದು ಒಂದು ಸಾಲಿನ ಟಿಪ್ಪಣಿಯನ್ನೂ ಹಾಕಲಿಲ್ಲ.

ಆದ್ದರಿಂದ ಈ ಎರಡು ತಾಲ್ಲೂಕುಗಳ ಅಂಗಡಿ, ಸೊಸೈಟಿ, ಡಿಟಿಪಿ ಕೇಂದ್ರ, ಫೋಟೋ ಸ್ಟುಡಿಯೋಗಳವರಲ್ಲಿ ನನ್ನದೊಂದು ಪ್ರಾರ್ಥನೆ. ಅಟ್ಟದ ಮೇಲಿನ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಅದರಲ್ಲಿ ಬ್ಯಾಟ್ ಎಂದು ಕೊನೆಯಾಗುವ ಕಡತಗಳಿದ್ದರೆ ಅಳಿಸಬೇಡಿರಿ. ಯಾರು ಬರೆದರು, ಯಾವ ವರ್ಷ ಎಂಬುದು ನೆನಪಿರುವವರನ್ನು ಕೇಳಿ ಮೊದಲ ಸಾಲಿನಲ್ಲಿ ‘ರೆಮ್’ ಎಂದು ಹಾಕಿ ಬರೆದಿಡಿರಿ. ಮತ್ತು ಈಗ ಬಳಸುತ್ತಿರುವ ಪ್ರತಿ ಡಿಸ್ಕಿನ ಮೈಮೇಲೆ ಅಚ್ಚಾಗಿರುವ ಕಾರ್ಖಾನೆ ಸಂಖ್ಯೆಯನ್ನು, ಇವತ್ತೇ, ಒಂದು ಪುಸ್ತಕದಲ್ಲಿ ಗುರುತು ಮಾಡಿಕೊಳ್ಳಿರಿ.