ದಾರಿದ್ರ್ಯದ ಮಾನದಂಡ ಮತ್ತು ಬಾಗಲೂರು

ದಾರಿದ್ರ್ಯವನ್ನು ಅಳೆಯಹೊರಟವರು ಎರಡು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ಅಳೆಯಬೇಕಾದುದು ಏನನ್ನು? ಆ ಅಳತೆಯ ಘಟಕ ಯಾವುದು? ಮೊದಲನೆಯದನ್ನು ಕುರಿತು ಚರ್ಚೆ ವಿಪುಲವಾಗಿ ನಡೆದಿದೆ. ಎರಡನೆಯದರ ಮಹತ್ವವನ್ನು ಬೆಂಗಳೂರಿನ ಉತ್ತರಕ್ಕಿರುವ ಬಾಗಲೂರಿನ ನಿದರ್ಶನದಿಂದ ಇಲ್ಲಿ ವಿವೇಚಿಸುತ್ತೇವೆ.

ದಾದಾಭಾಯಿ ನವರೋಜಿಯವರು 19ನೆಯ ಶತಮಾನದಲ್ಲಿಯೇ ಜೀವನಾವಶ್ಯಕ ವೆಚ್ಚವನ್ನು ಗಣಿಸಿದ್ದರು. 1971ರಲ್ಲಿ ದಾಂಡೇಕರ್ ಮತ್ತು ರಥ್ ಅವರು ದಿನಕ್ಕೆ 2250 ಕ್ಯಾಲೊರಿಯನ್ನು ಆಧಾರವಾಗಿಟ್ಟುಕೊಂಡು, 1960-61ರ ಬೆಲೆಗಳಲ್ಲಿ ತಲಾ ವಾರ್ಷಿಕ ವೆಚ್ಚವನ್ನು ಗ್ರಾಮಗಳಿಗೆ 180, ನಗರಗಳಿಗೆ 270 ರೂಪಾಯಿಗಳೆಂದು ನಿರ್ಧರಿಸಿದರು. ತೆಂಡೂಲ್ಕರ್ ಸಮಿತಿಯು 2009ರಲ್ಲಿ ಕ್ಯಾಲೊರಿಯ ಆಧಾರವನ್ನು ಕೈಬಿಟ್ಟಿತು. ಅದರ ವಿಧಾನದಂತೆ 2011-12ರಲ್ಲಿ ಕರ್ನಾಟಕದ ಮಾಸಿಕ ರೇಖೆ ಗ್ರಾಮಕ್ಕೆ 902, ನಗರಕ್ಕೆ 1089 ರೂಪಾಯಿ. ಈ ವಿಧಾನಗಳೆಲ್ಲವೂ ಕುಟುಂಬದ ವೆಚ್ಚವನ್ನು ಅಳೆಯತಕ್ಕವು.

ಡಾ. ಡಿ. ಎಂ. ನಂಜುಂಡಪ್ಪನವರ ಸಮಿತಿ ಬೇರೊಂದು ಮಾರ್ಗವನ್ನು ಹಿಡಿಯಿತು. 2002ರ ಅದರ ವರದಿಯು 35 ಸೂಚಕಗಳಿಂದ 175 ತಾಲ್ಲೂಕುಗಳನ್ನು ತೂಗಿ, 114 ತಾಲ್ಲೂಕುಗಳು ಹಿಂದುಳಿದಿವೆಯೆಂದೂ ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಗುರುತಿಸಿತು. ಆ 39ರಲ್ಲಿ 21 ಗುಲ್ಬರ್ಗಾ ವಿಭಾಗಕ್ಕೆ ಸೇರಿದ್ದವು. ವಿಶೇಷ ಅನುದಾನಕ್ಕೆ ಈ ವರ್ಗೀಕರಣವೇ ಆಧಾರವಾಯಿತು. ಪ್ರಾದೇಶಿಕ ಅಸಮಾನತೆಯನ್ನು ಅಂಕಿಗಳಿಂದ ಸ್ಥಾಪಿಸಿದುದು ಆ ವರದಿಯ ದೊಡ್ಡ ಸಾಧನೆ.

ಆದರೆ ಇಲ್ಲಿ ಅಳತೆಗೆ ಒಳಗಾದುದು ಸ್ಥಳವೇ ಹೊರತು ಮನುಷ್ಯನಲ್ಲ. ಬಾಗಲೂರು ಅಂದು ಸೇರಿದ್ದ ಬೆಂಗಳೂರು ಉತ್ತರ ತಾಲ್ಲೂಕು ಹಿಂದುಳಿದವುಗಳ ಪಟ್ಟಿಯಲ್ಲಿರಲಿಲ್ಲ. ಅಲ್ಲಿಯ ಭೂಹೀನ ಕೂಲಿಕಾರನು ಮುಂದುವರಿದ ತಾಲ್ಲೂಕಿನ ನಿವಾಸಿ. ದೇವದುರ್ಗದ ಸಿರಿವಂತ ಜಮೀನುದಾರನು ಅತ್ಯಂತ ಹಿಂದುಳಿದ ತಾಲ್ಲೂಕಿನ ನಿವಾಸಿ! 2008ರಲ್ಲಿ ಸಮೀಪದಲ್ಲಿಯೇ ವಿಮಾನ ನಿಲ್ದಾಣ ಆರಂಭವಾಯಿತು. ಇಂತಹ ಪ್ರದೇಶದಲ್ಲಿ ಭೂಮಿ ಮಾರಾಟವಾದಾಗ ಬೆಲೆ ಒಡೆಯನಿಗೆ ಸಲ್ಲುತ್ತದೆ. ಅದರಲ್ಲಿ ದುಡಿಯುತ್ತಿದ್ದವನಿಗೆ ಕೂಲಿ ತಪ್ಪುತ್ತದೆ. ತಾಲ್ಲೂಕಿನ ಸರಾಸರಿ ಮಾತ್ರ ಏರುತ್ತದೆ.

ಕುಟುಂಬವನ್ನೇ ಅಳೆದರೂ ತೊಡಕು ಪೂರ್ಣವಾಗಿ ಪರಿಹಾರವಾಗದು. ತಿಂಗಳಿಗೆ ತಲಾ 1000 ರೂಪಾಯಿ ವೆಚ್ಚಮಾಡುತ್ತಿದ್ದ ಕುಟುಂಬವು, ಊರನ್ನು ಗ್ರಾಮವೆಂದು ಎಣಿಸಿದರೆ 2011-12ರ ರೇಖೆಗಿಂತ ಮೇಲೆ, ನಗರವೆಂದು ಎಣಿಸಿದರೆ ಕೆಳಗೆ ಇರುತ್ತದೆ. ನಗರದ ಅಂಚಿನ ಊರುಗಳಲ್ಲಿ ಈ ಎಣಿಕೆಯೇ ಬಡವರ ಸಂಖ್ಯೆಯನ್ನು ಹಿಗ್ಗಿಸಬಲ್ಲುದು, ಕುಗ್ಗಿಸಬಲ್ಲುದು.

ಇದು ನಂಜುಂಡಪ್ಪ ವರದಿಯ ದೋಷವೆಂದು ನಾವು ಹೇಳುವುದಿಲ್ಲ. ಶಾಲೆ, ರಸ್ತೆ, ಆಸ್ಪತ್ರೆಗಳ ಕೊರತೆ ಎಲ್ಲಿದೆಯೆಂಬ ಪ್ರಶ್ನೆಗೆ ತಾಲ್ಲೂಕೇ ಯುಕ್ತವಾದ ಘಟಕ. ಯಾರ ಮನೆಯಲ್ಲಿ ಕೊರತೆಯಿದೆಯೆಂಬುದು ಬೇರೆಯೇ ಪ್ರಶ್ನೆ. ಒಂದರ ಉತ್ತರವನ್ನು ಮತ್ತೊಂದಕ್ಕೆ ಅನ್ವಯಿಸಿದಾಗ ಮರೆಯಾಗುವವನು ಬಾಗಲೂರಿನ ಕೂಲಿಕಾರನಂಥವನು. ಆದುದರಿಂದ ಅಂಕಿ-ಅಂಶಗಳನ್ನು ಓದುವ ವಿದ್ಯಾರ್ಥಿಯು ಪ್ರಮಾಣ ಎಷ್ಟೆಂದು ನೋಡುವ ಮುನ್ನ, ಅಳೆದುದು ಯಾವುದನ್ನು ಎಂದು ವಿಚಾರಿಸುವುದು ಅವಶ್ಯಕ.