ಬಾಗಿಲು ತೆರೆದ ಆದೇಶ, ಒಳಗೆ ಕರೆದ ಶಾಲೆ



ಶಾಲೆ ಶುರುವಾಗುವ ದಿನಗಳಿವು. ಅಡ್ಮಿಷನ್ ಸಿಕ್ತಾ ಅಂತ ಎಲ್ಲರೂ ಕೇಳ್ತಾರೆ. ಸೇರಿಸಿಕೊಳ್ಳೋದು ಬೇರೆ, ಬರಮಾಡಿಕೊಳ್ಳೋದು ಬೇರೆ. ಈ ವ್ಯತ್ಯಾಸಕ್ಕೆ ನಮ್ಮ ನಾಡಿನಲ್ಲೇ ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆ.

1856ರ ಜೂನ್. ಧಾರವಾಡ ಆಗ ಬಾಂಬೆ ಪ್ರಾಂತ್ಯದಲ್ಲಿತ್ತು. ಒಬ್ಬ ಮಹಾರ್ ಹುಡುಗನನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಲಿಲ್ಲ. ಅರ್ಜಿ ಬಾಂಬೆ ಸರ್ಕಾರದ ತನಕ ಹೋಯ್ತು. ಬಂದ ಉತ್ತರದ ಸಾರಾಂಶ ಇಷ್ಟು: ನ್ಯಾಯ ಅರ್ಜಿದಾರನ ಕಡೆಗೇ ಇದೆ, ಆದರೆ ಇವನೊಬ್ಬನನ್ನು ಸೇರಿಸಿದರೆ ಉಳಿದವರೆಲ್ಲ ಬಿಟ್ಟುಹೋಗಿ ಶಾಲೆಯೇ ನಿರುಪಯೋಗ ಆಗಬಹುದು. ಗುಮಾಸ್ತನಾಗಿ ದಿನವಿಡೀ ಕಡತಗಳ ಮಧ್ಯೆ ಕೂರುವ ನನಗೆ ಈ ಭಾಷೆ ಚೆನ್ನಾಗಿ ಗೊತ್ತು. ನ್ಯಾಯ ನಿಮ್ಮದೇ ಅಂತ ಒಪ್ಪಿಕೊಂಡು ಅರ್ಜಿ ವಿಲೇವಾರಿ ಮಾಡುವ ಟಿಪ್ಪಣಿಯನ್ನು ಈಗಲೂ ಬರೀತಾರೆ.

ಗವರ್ನರ್ ಜನರಲ್ ಕಡೆಯಿಂದ ಆಕ್ಷೇಪ ಬಂತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರ್ಕಾರಿ ಶಾಲೆಗಳು ಎಲ್ಲ ಜಾತಿಗೂ ತೆರೆದಿರಬೇಕು ಅಂತ ಹೇಳಿದರು. ತತ್ವ ಗೆದ್ದಿತು. ಆದರೂ 1882ರಲ್ಲಿ ಹಂಟರ್ ಆಯೋಗ ಮತ್ತೆ ಇದೇ ಪ್ರಶ್ನೆ ಎತ್ತಿಕೊಂಡು ಕೂರಬೇಕಾಯ್ತು. ಆದೇಶಕ್ಕೆ ಬಾಗಿಲು ತೆರೆಯೋಕೆ ಬರುತ್ತೆ. ಪಕ್ಕದಲ್ಲಿ ಕೂತವನು ಎದ್ದು ಹೋಗದ ಹಾಗೆ ಮಾಡೋಕೆ ಬರಲ್ಲ.

ಈಗ ಮಂಗಳೂರಿಗೆ ಬನ್ನಿ. 1892ರಲ್ಲಿ ವಕೀಲ ಕುದ್ಮುಲ್ ರಂಗರಾಯರು ಉರ್ವ ಚಿಲಿಂಬಿಯ ಬಾಡಿಗೆ ಮನೆಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಅವರು ಸಾರಸ್ವತ ಬ್ರಾಹ್ಮಣರು. ನಮ್ಮಲ್ಲಿ ಕೆಲವರಿಗೆ ಈ ಕಾರಣಕ್ಕೇ ಅವರ ಬಗ್ಗೆ ಮಾತಾಡಲು ಮುಜುಗರ. ನನಗೂ 'ಉದ್ಧಾರಕರು' ಅನ್ನೋ ಪದ ಕಂಡರೆ ಆಗಲ್ಲ. ಆದರೆ ಆ ಶಾಲೆ ಏನು ಮಾಡಿತು ಅಂತ ನೋಡಿ. ವಿರೋಧದಿಂದ ಜಾಗ ಬದಲಿಸಬೇಕಾಯ್ತು, ಬದಲಿಸಿದರು. ಮೇಲ್ಜಾತಿ ಮೇಷ್ಟ್ರುಗಳು ಬರಲಿಲ್ಲ, ಕ್ರೈಸ್ತ ಶಿಕ್ಷಕರು ಬಂದು ಪಾಠ ಮಾಡಿದರು. ರಾಯರಿಗೆ ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು.

ಎಲ್ಲಕ್ಕಿಂತ ಮುಖ್ಯ, ಬರುವ ಮಕ್ಕಳಿಗೆ ದಿನಕ್ಕೆ ಎರಡು ಪೈಸೆ ಕೊಡುತ್ತಿದ್ದರು. ಇದನ್ನು ದಾನ ಅಂತ ಓದಬೇಡಿ. ಮಗು ಶಾಲೆಗೆ ಹೋದರೆ ಮನೆಗೆ ಒಂದು ಜೊತೆ ಕೈ ಕಡಿಮೆ. ಧಣಿಯ ದನ ಕಾಯೋರು ಯಾರು? ಅವ್ವ ಗದ್ದೆಗೆ ಹೋದಾಗ ಚಿಕ್ಕದನ್ನು ನೋಡಿಕೊಳ್ಳೋರು ಯಾರು? ಮಗುವಿನ ಹಿಂದೆ ಒಂದು ಮನೆ ಇದೆ, ಆ ಮನೆಗೆ ಹಸಿವಿದೆ ಅಂತ ಲೆಕ್ಕ ಹಾಕಿದ ಶಾಲೆ ಅದು. ಮುಂದೆ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ಕೊಡಿಯಾಲ್‌ಬೈಲಿನಲ್ಲಿ ನೇಯ್ಗೆ ಕಲಿಸಿದರು, ಹಾಸ್ಟೆಲ್ ಮಾಡಿದರು, ಕೊರಗ ಕುಟುಂಬಗಳಿಗೆ ಜಾಗ ಕೊಡಿಸಿದರು.

ಇಷ್ಟು ಹೇಳುವಾಗ ಒಂದು ಮಾತು ಬಿಟ್ಟು ಹೋಗಬಾರದು. ಮಂಗಳೂರಲ್ಲಿ ರಾಯರ ಹೆಸರಿನ ಪುರಭವನ ಇದೆ, ಇರಲಿ. ಆದರೆ ಧಣಿಯ ಕಣ್ಣಿಗೆ ಬಿದ್ದರೂ ಮಗುವನ್ನು ಕಳಿಸಿದ ಆ ತಾಯಂದಿರ ಹೆಸರಲ್ಲಿ ಒಂದು ಬಸ್ ಸ್ಟಾಪೂ ಇಲ್ಲ. ಕಳಿಸೋರು ಇಲ್ಲದಿದ್ದರೆ ರಾಯರ ಶಾಲೆ ಬರೀ ಬಾಡಿಗೆ ಮನೆ ಆಗಿರ್ತಿತ್ತು.

ಮೂರು ವರ್ಷದ ಹಿಂದೆ ನನಗೆ ವರ್ಗಾವಣೆ ಆಗಿ ಮಗಳನ್ನು ಹೊಸ ಪ್ರಾಥಮಿಕ ಶಾಲೆಗೆ ಸೇರಿಸಿದ್ವಿ. ಹಿಂದಿನ ಶಾಲೆಯಲ್ಲಿ ಬಿಸಿಯೂಟದ ಸಾಲು ತನ್ನಷ್ಟಕ್ಕೇ ಎರಡಾಗ್ತಿತ್ತು, ಯಾರೂ ಏನೂ ಅನ್ನುತ್ತಿರಲಿಲ್ಲ. ಹೊಸ ಶಾಲೆಯ ಮೊದಲ ದಿನ ಸಂಜೆ ನನ್ನ ಹೆಂಡತಿ ಪಾಠದ ಬಗ್ಗೆ ಕೇಳಲೇ ಇಲ್ಲ. "ಊಟಕ್ಕೆ ಯಾರ ಪಕ್ಕ ಕೂತಿದ್ದೆ ಕಂದಾ?" ಅಂದಳು. ಮಗಳು ನಾಲ್ಕು ಹೆಸರು ಹೇಳಿದಳು. ಹೆಂಡತಿ ಮತ್ತೊಮ್ಮೆ ಹೇಳಿಸಿದಳು. ಮರುವಾರ ಆ ನಾಲ್ವರಲ್ಲಿ ಒಬ್ಬಳ ತಾಯಿ ಮನೆಗೇ ಬಂದು, ಟೀ ಕುಡಿದು, ಪೋಷಕರ ಸಭೆಗೆ ಒಟ್ಟಿಗೆ ಹೋಗೋಣ ಬನ್ನಿ ಅಕ್ಕಾ ಅಂತ ಕರೆದರು.

ರಂಗರಾಯರು 1928ರಲ್ಲಿ ತೀರಿಕೊಂಡರು. ತನ್ನ ಶಾಲೆಯಲ್ಲಿ ಓದಿದ ಮಕ್ಕಳು ಮುಂದೆ ದೊಡ್ಡವರಾಗಿ ಕಾರಲ್ಲಿ ಓಡಾಡಬೇಕು, ಆ ಧೂಳು ತನಗೆ ತಾಗಬೇಕು ಅನ್ನೋದು ಅವರ ಆಸೆಯಾಗಿತ್ತು. ಆ ಮಾತು ಅವರ ಸಮಾಧಿಯ ಮೇಲಿದೆ. ಮಂಗಳೂರಿಗೆ ಹೋದವರು ನೋಡಿ ಬನ್ನಿ, ಮಕ್ಕಳನ್ನೂ ಕರ್ಕೊಂಡು ಹೋಗಿ.